ಎದ್ದೇಳಮ್ಮ ಒಗೆದ ಮೆತ್ತೆಗಳು

ಆಪರೇಷನ್ ಆದ ಮರುದಿನ ಬೆಳಿಗ್ಗೆ, ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಾಗಿರುವಾಗಲೇ, ಮಂಚದ ಪಕ್ಕ ಬಂದು ನಿಂತು "ಏಳಿ, ಎದ್ದೇಳಿ, ನಾಲ್ಕು ಹೆಜ್ಜೆ ಹಾಕಿ" ಎನ್ನುವವಳನ್ನು ಯಾವ ರೋಗಿ ತಾನೇ ಪ್ರೀತಿಸುತ್ತಾನೆ? ಸರ್ಜಿಕಲ್ ವಾರ್ಡಿನ ಆ ಸಿಸ್ಟರಿಗೆ ಎದ್ದೇಳಮ್ಮ ಎಂದು ಹೆಸರಿಟ್ಟವರು ಹಾಗೆ ನರಳುತ್ತ ಎದ್ದವರೇ. ಅದು ಬೈಗುಳವಾಗಿ ಹುಟ್ಟಿ, ವಾರ್ಡಿನಿಂದ ಕ್ಯಾಂಟೀನಿಗೆ, ಕ್ಯಾಂಟೀನಿನಿಂದ ಬೀದಿಗೆ ಇಳಿದು, ಕೊನೆಗೆ ಅವಳ ಸ್ವಂತ ಅತ್ತಿಗೆಯ ಬಾಯಲ್ಲೂ ಹೆಸರಾಗಿಯೇ ಕೂತಿತು. ಡಿಸ್ಚಾರ್ಜ್ ಆಗುವ ದಿನ ಮಾತ್ರ ಬೈದ ಬಾಯೇ "ನಿಮ್ಮಿಂದ ನಡೆಯೋ ಹಾಗಾಯ್ತು ಸಿಸ್ಟರ್" ಎನ್ನುತ್ತಿತ್ತು. ಎದ್ದೇಳಮ್ಮನಿಗೆ ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಇರುತ್ತಿರಲಿಲ್ಲ. ರೋಗಿ ಬಾಗಿಲು ದಾಟುವ ಮೊದಲೇ ಅವಳ ಕೈ ಅವನ ಹಾಸಿಗೆಯ ಹೊದಿಕೆಯನ್ನು ಸೆಳೆದಾಗಿರುತ್ತಿತ್ತು.

"ಸ್ವಲ್ಪ ತಡೀರಿ ಸಿಸ್ಟರ್, ಇನ್ನೂ ಬಿಸಿ ಆರಿಲ್ಲ" ಎಂದು ಕಿರಿಯ ನರ್ಸುಗಳು ನಗುತ್ತಿದ್ದರು.

"ಕಾರಿಡಾರಲ್ಲಿ ಸ್ಟ್ರೆಚರ್ ಮೇಲೆ ಇನ್ನೊಬ್ಬರು ಕಾಯ್ತಿದ್ದಾರೆ. ಅವರ ಮೈಯೂ ಬಿಸಿಯಾಗಿದೆ, ಜ್ವರದಿಂದ" ಎನ್ನುತ್ತಿದ್ದಳು.

ಅವಳ ವೈದ್ಯಶಾಸ್ತ್ರ ಇಷ್ಟೇ. ಮಲಗಿಯೇ ಇದ್ದರೆ ಬೆನ್ನು ಹುಣ್ಣಾಗುತ್ತದೆ. ಹೋದವರ ಹಾಸಿಗೆಯನ್ನು ಬರುವವರಿಗೆ ಬಿಡಿಸಿ ಕೊಡಬೇಕು. ಇದನ್ನು ಅವಳು ಮನೆಯಲ್ಲೂ ಪಾಲಿಸಿದವಳು. ಅವಳ ಗಂಡ ಅದೇ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿದ್ದ. ಅವಳ ಒಳಗು ಕಂಡವನು ಅವನೊಬ್ಬನೇ ಎಂದು ಜನ ತಮಾಷೆ ಮಾಡುತ್ತಿದ್ದರು, ಅದು ನಿಜವೂ ಆಗಿತ್ತು. ಅವನು ತೀರಿಕೊಂಡು ಮಣ್ಣಾದ ಮಧ್ಯಾಹ್ನವೇ ಅವಳು ಅವನ ಹಾಸಿಗೆ ಬಿಚ್ಚಿದಳು. "ಕಲ್ಲು ಹೆಂಗಸು" ಎಂದರು ನೆಂಟರು. ಅವಳು ಬಟ್ಟೆ ಒಗೆಯುವ ಜಾಗಕ್ಕೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿ, ಆ ಸದ್ದಿನೊಳಗೆ ಮನಸ್ಸು ಹಗುರಾಗುವಷ್ಟು ಅತ್ತಳು. ನೆಂಟರಿಗೆ ನೀರಿನ ಸದ್ದು ಮಾತ್ರ ಕೇಳಿಸಿತು.

ನಿವೃತ್ತಿಯಾದ ಮೇಲೆ ಅವಳಿಗೆ ಉಳಿದದ್ದು ಎರಡು. ಒಂದು, ಮೊಣಕಾಲಿನ ನೋವು. ಇನ್ನೊಂದು, ಚರ್ಚು. ಮೊಣಕಾಲು ಚರ್ಚಿಗಿಂತ ಗಟ್ಟಿಯಾಗಿತ್ತು.

ಚರ್ಚು ಎಂದರೆ ದೊಡ್ಡದೇನಲ್ಲ. ಎತ್ತರದ ಕಿಟಕಿಗಳು, ಕಿರುಗುಟ್ಟುವ ಫ್ಯಾನುಗಳು, ಮುಂದೆ ಒಂದು ವರಾಂಡ, ಗೋಡೆಯ ಆಚೆ ಬಿಸ್ಕತ್ತಿನ ಫ್ಯಾಕ್ಟರಿ. ಗಾಳಿ ಆ ಕಡೆಯಿಂದ ಬೀಸಿದ ದಿನ ಪ್ರಾರ್ಥನೆಗೆಲ್ಲ ವೆನಿಲ್ಲಾ ವಾಸನೆ. ಅವಳಮ್ಮ, ಅಮ್ಮನಮ್ಮ, ಎಲ್ಲರೂ ಅಲ್ಲೇ ಮೊಣಕಾಲೂರಿದವರು. ಈಗ ಸಭೆ, ಅಂದರೆ ಅಲ್ಲಿ ಆರಾಧನೆಗೆ ಕೂಡುವ ಜನ, ಕರಗುತ್ತ ಬಂದಿತ್ತು. ಬರುವವರಲ್ಲಿ ತಲೆ ನರೆತವರೇ ಹೆಚ್ಚು, ಉಳಿದವರದು ಬಣ್ಣ ಹಚ್ಚಿದ್ದು. ಮೂರು ಸಭೆಗಳಿಗೆ ಒಬ್ಬರೇ ಪಾಸ್ಟರ್. ಆ ಎಳೆಯ ಅಯ್ಯನವರು ಒಂದು ಆರಾಧನೆ ಮುಗಿಸಿ ಸ್ಕೂಟರಿನಲ್ಲಿ ಇನ್ನೊಂದಕ್ಕೆ ಓಡುವಾಗ ಹೆಲ್ಮೆಟ್ಟಿನೊಳಗೇ ಆಶೀರ್ವಾದ ಮುಗಿಸುತ್ತಾರೆ ಎಂದು ಹುಡುಗರು ನಕ್ಕಿದ್ದುಂಟು. ಅಂದರೆ, ಹುಡುಗರು ಇದ್ದ ಕಾಲದಲ್ಲಿ.

ಆದರೆ ಹೊರಗಿನಿಂದ ಇಣುಕಿದವರಿಗೆ ಚರ್ಚು ತುಂಬಿದಂತೆಯೇ ಕಾಣುತ್ತಿತ್ತು. ಅದಕ್ಕೆ ಕಾರಣ ಮೆತ್ತೆಗಳು. ಬರೀ ಮರದ ಬೆಂಚು ಒತ್ತುತ್ತದೆ ಎಂದು ಯಾವುದೋ ಕಾಲದಲ್ಲಿ ಒಂದು ಮನೆಯವರು ಕೂರಲು ಮೆತ್ತೆ ಹೊಲಿಸಿ ತಂದರು, ಮೇಲೆ ಮನೆತನದ ಮೊದಲಕ್ಷರವನ್ನು ದಾರದಲ್ಲಿ ಹೆಣೆದರು. ಪಕ್ಕದ ಮನೆಯವರು ಬಿಟ್ಟಾರೆಯೇ? ನೋಡುನೋಡುತ್ತ ಎಲ್ಲ ಬೆಂಚಿಗೂ ಅಕ್ಷರಾಭ್ಯಾಸವಾಯಿತು. ಮೆತ್ತೆಯನ್ನು ವಾರವಿಡೀ ಬೆಂಚಿನ ಮೇಲೇ ಬಿಡುವುದು ರೂಢಿ. ಮನೆಯವರು ದೂರ ಹೋದರೂ, ಬರುವುದು ಬಿಟ್ಟರೂ, ತೀರಿಕೊಂಡರೂ ಮೆತ್ತೆ ಮಾತ್ರ ಅಲ್ಲೇ. ತೆಗೆದರೆ ಸತ್ತವರಿಗೆ ಅವಮಾನ. ಹೀಗೆ ಆ ಸಭೆಯಲ್ಲಿ ಜನ ಕಡಿಮೆಯಾದಷ್ಟೂ ಮೆತ್ತೆ ಉಳಿಯಿತು. ಮೆತ್ತೆಗಳ ಮೇಲೆ ಕೂತು ಕೂತು ಸಭೆಯೇ ಮೆತ್ತಗಾಯಿತು.

ಸಭೆಯ ಅಧ್ಯಕ್ಷರು ಎದ್ದೇಳಮ್ಮನ ಅಣ್ಣ. ಮೊದಲು ಗಡಿಯಾರದ ಅಂಗಡಿ ಇಟ್ಟಿದ್ದವರು. ಗಡಿಯಾರ ರಿಪೇರಿಗೆ ಜನ ಬರುವುದು ನಿಂತಾಗ ಅವರು ಅಳಲಿಲ್ಲ, ಸಾಲ ಮಾಡಲಿಲ್ಲ. ಒಂದು ದಿನ ಗಾಜಿನ ಕಪಾಟು ಒರೆಸಿ, ಎಲ್ಲ ಗಡಿಯಾರಗಳನ್ನೂ ನಿಲ್ಲಿಸಿ, ಶಟರ್ ಎಳೆದು ಮನೆಗೆ ಬಂದರು. ಮರ್ಯಾದೆಯಿಂದ ಬಾಗಿಲು ಹಾಕುವುದೂ ಒಂದು ಕಸುಬು ಎಂದು ಅಂದಿನಿಂದ ಅವರ ನಂಬಿಕೆ. ಅದನ್ನೇ ಈಗ ಚರ್ಚಿಗೂ ತಂದರು.

"ನೋಡಮ್ಮ" ಎಂದರು ತಂಗಿಗೆ, ಅವಳ ಅಡುಗೆಮನೆಯಲ್ಲಿ ಕೂತು. "ದೊಡ್ಡ ಚರ್ಚಿನವರು ನಮ್ಮನ್ನ ಸೇರಿಸ್ಕೊಳ್ತಾರೆ. ಅಲ್ಲಿ ಮೆಟ್ಟಿಲಿಲ್ಲ, ಇಳಿಜಾರು ಮಾಡಿದ್ದಾರೆ. ಎ.ಸಿ. ಇದೆ. ಈ ಭಾನುವಾರ ಆರಾಧನೆ ಆದ್ಮೇಲೆ ಸಭೆ ಕರೆದು ಠರಾವು ಪಾಸು ಮಾಡಿ, ಗೌರವವಾಗಿ ಬೀಗ ಹಾಕೋಣ. ವಯಸ್ಸಾಯ್ತು ನಮ್ ಸಭೆಗೆ."

ವಯಸ್ಸಾಯ್ತು! ವಾರ್ಡಿನಲ್ಲಿ ಎದ್ದೇಳಮ್ಮ ಅತ್ಯಂತ ದ್ವೇಷಿಸಿದ ಮಾತು ಅದು. ಕೈಲಾಗದ ಡಾಕ್ಟರರೂ ಮನಸ್ಸಿಲ್ಲದ ಮಕ್ಕಳೂ ಹೇಳುವುದು ಅದನ್ನೇ.

"ವಯಸ್ಸಾಗಿದ್ದು ನಿನಗೆ. ಸಭೆಗೆ ಆಗಿರೋದು ಬೆನ್ನುಹುಣ್ಣು" ಎಂದಳು. "ಮುಚ್ಚೋಕೆ ನಾನು ಬಿಡಲ್ಲ."

"ನೀನೊಬ್ಬಳು ಬಿಡದಿದ್ರೆ?"

"ನೀನು ಮಂಡಿಸು. ನಾನಿದ್ದೀನಿ."

"ಯಾರು ಬರ್ತಾರೆ ಹೇಳು ಇಲ್ಲಿಗೆ? ಬರೋರೇ ಇಲ್ಲ. ನಾನೇನು ಬಾಗಿಲಲ್ಲಿ ನಿಂತು ತಡೆದಿದ್ದೀನಾ?"

ಎದ್ದೇಳಮ್ಮ ಪಾತ್ರೆ ತೊಳೆಯಲು ತಿರುಗಿದಳು. ಅಣ್ಣ ಚಹಾ ಮುಗಿಸಿ, ಗೆದ್ದವರ ಹಾಗೆ ಕೊಡೆ ತೆಗೆದುಕೊಂಡು ಹೊರಟರು. ಅಣ್ಣ ಠರಾವು ಮಂಡಿಸಿದರೆ ಪಾಸಾದ ಹಾಗೆಯೇ. ನಿಯಮದ ಪ್ರಕಾರ ಒಬ್ಬರು ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಆಮೇಲೆ ಮಿಕ್ಕವರು ಕೈಯೆತ್ತಬೇಕು. ಅನುಮೋದಿಸಲು ಹೌದಪ್ಪ ಇದ್ದ. ರೈಲ್ವೆಯಲ್ಲಿ ಟಿಕೆಟ್ ನೋಡುತ್ತಿದ್ದ ಆ ಸಾಧು ಮನುಷ್ಯ ಅಣ್ಣನ ಪಕ್ಕದ ಮೆತ್ತೆಯಲ್ಲಿ ಕೂತು, ಅಣ್ಣನ ಮೊಣಕೈ ಪಕ್ಕೆಗೆ ತಾಗಿದೊಡನೆ "ಹೌದಪ್ಪ, ಅನುಮೋದಿಸ್ತೀನಿ" ಎನ್ನುತ್ತಿದ್ದ. ಒಮ್ಮೆ ಅಣ್ಣ ಕೆಮ್ಮಿದಾಗ ಮೊಣಕೈ ತಾಗಿ, ಪಾಸ್ಟರ್ ಮೈಕಿನಲ್ಲಿ ಮಾಡುತ್ತಿದ್ದ ಪ್ರಸಂಗವನ್ನೂ ಅನುಮೋದಿಸಿದ್ದ.

ಮಾರನೆಯ ದಿನ ವಾರದ ನಡುವಿನ ಪ್ರಾರ್ಥನೆ. ಮೊಣಕಾಲು ಹಿಡಿದುಕೊಂಡದ್ದರಿಂದ ಎದ್ದೇಳಮ್ಮ ತಡವಾಗಿ ಬಂದಳು. ಒಳಗೆ ಪ್ರಾರ್ಥನೆ ನಡೆದಿತ್ತು, ಮುಗಿಯಲಿ ಎಂದು ವರಾಂಡದಲ್ಲಿ ನಿಂತಳು. ಅಲ್ಲಿ ಅವಳೊಬ್ಬಳೇ ಇರಲಿಲ್ಲ. ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದ ಕೆಲವು ಹೆಂಗಸರು, ಪಾಳಿ ಮುಗಿಸಿ, ಕೂದಲಿಗೆ ಹಾಕುವ ಕಾಗದದ ಟೋಪಿಯನ್ನೂ ತೆಗೆಯದೆ, ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ನಿಂತಿದ್ದರು. ಇವರನ್ನು ಅವಳು ಭಾನುವಾರವೂ ನೋಡಿದ್ದಳು. ಬಸ್ಸಿಗೆ ಕಾಯುವವರು ಎಂದುಕೊಂಡಿದ್ದಳು.

"ಬಸ್ ಸ್ಟಾಪು ಆ ಕಡೆ ಅಲ್ವೇನಮ್ಮ?"

ಒಬ್ಬಳು ಕಣ್ಣು ಬಿಟ್ಟಳು. "ಬಸ್ಸಿಗಲ್ಲಮ್ಮ. ಪ್ರಾರ್ಥನೆಗೆ."

"ಮತ್ತೆ ಹೊರಗ್ಯಾಕೆ ನಿಂತಿದ್ದೀರಿ?"

"ಒಳಗೆ ಎಲ್ಲಾ ಜಾಗ ಹಿಡಿದಿಟ್ಟಿದ್ದಾರಲ್ಲ. ಬಸ್ಸಲ್ಲಿ ಚೀಲ ಇಟ್ಟು ಹಿಡೀತಾರಲ್ಲ, ಹಾಗೆ."

"ಅಯ್ಯೋ, ಅದು ಬರೀ ಮೆತ್ತೆ ಕಣಮ್ಮ! ಹೋಗಿ ಕೂತ್ಕೊಳ್ಳೋದು ತಾನೇ?"

ಟೋಪಿಯವಳು ಪಕ್ಕದವಳನ್ನು ನೋಡಿದಳು. ಪಕ್ಕದವಳು ನೆಲ ನೋಡಿದಳು.

"ಒಂದ್ಸಲ ಕೂತಿದ್ದೆ" ಎಂದಳು ಟೋಪಿಯವಳು. "ಎಬ್ಬಿಸಿಬಿಟ್ರು. ಏಳಿ, ಎದ್ದೇಳಿ, ಅದು ನಮ್ಮಮ್ಮನ ಜಾಗ ಅಂದ್ರು. ಅಮ್ಮ ಬರ್ತಾರೇನೋ ಅಂತ ಎದ್ದೆ. ಆಮೇಲೆ ನೋಡಿದ್ರೆ ಆ ಅಮ್ಮ ತೀರಿಕೊಂಡು ಎಷ್ಟೋ ಕಾಲ ಆಗಿದೆಯಂತೆ. ತೀರಿಕೊಂಡವರಿಗೆ ಜಾಗ ಇದೆ, ನೈಟ್ ಶಿಫ್ಟಿನವರಿಗಿಲ್ಲ ಅಂತ ನಾವು ನಾವೇ ನಕ್ಕೊಂಡ್ವಿ."

"ಯಾರವಳು, ಹಾಗಂದವಳು?" ಎದ್ದೇಳಮ್ಮನಿಗೆ ರೇಗಿತು. "ಹೇಳು, ನಾನು ವಿಚಾರಿಸ್ಕೋತೀನಿ."

"ನೀವೇ ಅಮ್ಮ."

ಒಳಗೆ ಯಾರೋ ಆಮೆನ್ ಎಂದರು.

ಎದ್ದೇಳಮ್ಮ ಪ್ರಾರ್ಥನೆಗೆ ಒಳಗೆ ಹೋಗಲಿಲ್ಲ. ಆ ಹೆಂಗಸರ ಜೊತೆಯಲ್ಲೇ ವರಾಂಡದ ಮೆಟ್ಟಿಲ ಮೇಲೆ ಕೂತಳು. ಕೂತಲ್ಲಿಂದ ತೆರೆದ ಬಾಗಿಲೊಳಗೆ ನೋಡಿದಳು. ಸಾಲುಸಾಲು ಮೆತ್ತೆಗಳು, ಸಾಲುಸಾಲು ಅಕ್ಷರಗಳು, ನಡುನಡುವೆ ಅಲ್ಲೊಂದು ಇಲ್ಲೊಂದು ತಲೆ. ಮೊದಲ ಬಾರಿಗೆ ಅವಳು ಅದನ್ನು ವಾರ್ಡಿನ ಕಣ್ಣಿನಿಂದ ನೋಡಿದಳು. ಡಿಸ್ಚಾರ್ಜ್ ಆದವರ ಹಾಸಿಗೆಗಳನ್ನೆಲ್ಲ ಹಾಗೇ ಬಿಟ್ಟು, ಬಂದ ರೋಗಿಗಳನ್ನು ಕಾರಿಡಾರಿನಲ್ಲಿ ನಿಲ್ಲಿಸಿ, ಆಸ್ಪತ್ರೆಗೆ ಯಾರೂ ಬರುತ್ತಿಲ್ಲ, ಮುಚ್ಚಿಬಿಡೋಣ ಎನ್ನುತ್ತಿದ್ದಾರೆ! ಬಾಗಿಲಲ್ಲಿ ನಿಂತು ತಡೆದವರು ಯಾರು ಎಂಬ ಅಣ್ಣನ ಪ್ರಶ್ನೆಗೆ ಈಗ ಅವಳಲ್ಲಿ ಉತ್ತರ ಇತ್ತು. ತಡೆದವಳು ತಾನೇ.

ಶನಿವಾರ ವೇದಿಗೆ ಹೂವಿಡುವ ಪಾಳಿ ಅವಳದು, ಹಾಗಾಗಿ ಕೀಲಿಯೂ ಅವಳ ಹತ್ತಿರ. ಆ ಶನಿವಾರ ಅವಳು ಬಾಗಿಲು ತೆರೆದೊಡನೆ ಪಾಸ್ಟರ್ ಹಿಂದೆಯೇ ಬಂದು ಮೈಕಿನ ವೈರು ಸರಿಮಾಡತೊಡಗಿದರು. ಅವಳು ಹೂವನ್ನು ನೆಲದ ಮೇಲಿಟ್ಟು, ಕೊನೆಯ ಬೆಂಚಿನಿಂದ ಶುರು ಮಾಡಿ ಮೆತ್ತೆಗಳನ್ನು ಒಂದೊಂದಾಗಿ ಎತ್ತಿ ನಡುದಾರಿಗೆ ಎಸೆಯತೊಡಗಿದಳು. ಧೂಳು ಎದ್ದು ಕಿಟಕಿಯ ಬಿಸಿಲಲ್ಲಿ ಕುಣಿಯಿತು.

"ಸಿಸ್ಟರ್... ಏನಿದು?"

"ಒಗೀತೀನಿ ಅಯ್ಯನವರೇ. ಇಲ್ಲಿವರೆಗೂ ಒಗೆದೇ ಇಲ್ಲ. ಮೂಸಿ ನೋಡಿ ಬೇಕಾದ್ರೆ."

"ನಾಳೆಗೆ ಒಣಗುತ್ವಾ?"

"ಇಲ್ಲ."

ಪಾಸ್ಟರ್ ವೈರನ್ನು ಕೆಳಗಿಟ್ಟರು. "ಅಧ್ಯಕ್ಷರು ಕೇಳಿದ್ರೆ ನನಗೇನೂ ಗೊತ್ತಿಲ್ಲ ಅಂತಿರಲಿ ಸಿಸ್ಟರ್."

"ನಿಮಗೆ ಗೊತ್ತಿರೋದು ಯಾವಾಗ ಅಯ್ಯನವರೇ? ಆ ಕಡೆ ಬೆಂಚಿನವು ಕೊಡಿ ಇಲ್ಲಿ."

ಅವರು ಕೊಟ್ಟರು. ಕೊಡುತ್ತ ಕೊಡುತ್ತ ಮುಖ ಸಣ್ಣಗೆ ಅರಳಿತು. "ಇಷ್ಟು ದಿನ ಇವಕ್ಕೇ ಪ್ರಸಂಗ ಮಾಡ್ತಿದ್ದೆ. ಒಂದಾದ್ರೂ ಆಕಳಿಸಿರಲಿಲ್ಲ ಪಾಪ" ಎಂದರು. ಹುಡುಗನಲ್ಲಿ ಜೀವ ಇದೆ ಎಂದುಕೊಂಡಳು ಎದ್ದೇಳಮ್ಮ.

ಕೊನೆಗೆ ಉಳಿದದ್ದು ಮುಂದಿನಿಂದ ಮೂರನೆಯ ಬೆಂಚಿನ ತುದಿಯ ಮೆತ್ತೆ. ಅಮ್ಮನದು. ನೀಲಿ ಬಟ್ಟೆ, ಮಾಸಿದ ಬಿಳಿ ದಾರದ ಅಕ್ಷರ. ಅಕ್ಷರದ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು. ಆಮೇಲೆ ಅದನ್ನೂ ಎತ್ತಿದಳು.

ಆಟೋ ತುಂಬ ಮೆತ್ತೆ ಹೇರಿಕೊಂಡು ಹೋಗಿ, ಮನೆಯ ಅಂಗಳದಲ್ಲಿ ಟಬ್ಬುಗಳಲ್ಲಿ ನೆನೆಹಾಕಿದಳು. ನೀರು ಚಹಾದ ಬಣ್ಣಕ್ಕೆ ತಿರುಗಿತು. ಕೆಲವು ಮೆತ್ತೆಗಳ ಹೊಲಿಗೆ ಬಿಟ್ಟು ಹತ್ತಿಯ ಗಂಟುಗಳು ತೇಲಿ ಬಂದವು. ಅಮ್ಮನ ಮೆತ್ತೆ ಎಲ್ಲಕ್ಕಿಂತ ಹಳತು. ಹಿಂಡಿದಾಗ ಕೈಯಲ್ಲೇ ಚೂರಾಯಿತು. ಅಕ್ಷರ ಇದ್ದ ತುಂಡು ಮಾತ್ರ ಗಟ್ಟಿ ಉಳಿಯಿತು. ಎದ್ದೇಳಮ್ಮ ಅದನ್ನು ತಂತಿಗೆ ಕ್ಲಿಪ್ಪು ಹಾಕಿ ಒಣಹಾಕಿದಳು. ನಲ್ಲಿಯನ್ನು ಈ ಸಲ ತಿರುಗಿಸಲಿಲ್ಲ. ಅಳು ಬರಲಿಲ್ಲ, ಸಿಟ್ಟೇ ಬಂದಿತ್ತು, ಹೆಚ್ಚಾಗಿ ತನ್ನ ಮೇಲೆ.

ಭಾನುವಾರ ಬೆಳಿಗ್ಗೆ ಚರ್ಚಿನ ಒಳಗೆ ಕಾಲಿಟ್ಟವರೆಲ್ಲ ಬಾಗಿಲಲ್ಲೇ ತಡವರಿಸಿದರು. ಬರೀ ಬೆಂಚುಗಳು. ತಮ್ಮದು ಯಾವುದು? ಕಿಟಕಿಯಿಂದ ಎಷ್ಟನೆಯದು, ಕಂಬದಿಂದ ಎಷ್ಟನೆಯದು ಎಂದು ಯಾರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ದಾರಿ ತೋರಿಸಿದ್ದು ಅಕ್ಷರಗಳೇ ಹೊರತು ಕಣ್ಣಲ್ಲ. ಟಿಕೆಟ್ ಕಳೆದುಕೊಂಡ ಪ್ರಯಾಣಿಕರ ಹಾಗೆ ಅತ್ತ ಇತ್ತ ತಿರುಗಿದರು. ಎದ್ದೇಳಮ್ಮ ವರಾಂಡಕ್ಕೆ ಹೋಗಿ ಚಪ್ಪಾಳೆ ತಟ್ಟಿದಳು.

"ಬನ್ನಿ ಒಳಗೆ. ಎಲ್ಲಿ ಬೇಕೋ ಅಲ್ಲಿ ಕೂತ್ಕೊಳ್ಳಿ. ಬೆಂಚು ಯಾರಪ್ಪನ ಮನೇದೂ ಅಲ್ಲ."

"ಮತ್ತೆ ನಿಮ್ಮಮ್ಮನ..." ಟೋಪಿಯವಳು ಅನುಮಾನಿಸಿದಳು.

"ನಮ್ಮಮ್ಮ ಡಿಸ್ಚಾರ್ಜ್ ಆಗಿ ಬಹಳ ಕಾಲ ಆಯ್ತು. ನಡಿ, ನೀನೇ ಮೊದಲು ಕೂತ್ಕೋ."

ಪ್ಯಾಕಿಂಗ್ ವಿಭಾಗ ಗುಂಪಾಗಿ ಒಳಹೊಕ್ಕಿತು. ಹಿಂದೆಯೇ ಮಕ್ಕಳು, ಮಕ್ಕಳ ಹಿಂದೆ ಒಬ್ಬಿಬ್ಬರು ಗಂಡಂದಿರು. ಯಾವಾಗಲೂ ಅಣ್ಣನ ಜೊತೆ ಹಿಂದೆ ಕೂರುವ ಹೌದಪ್ಪ, ತನ್ನ ಜಾಗ ಕಾಣದೆ ಮುಂದೆ ಮುಂದೆ ಸರಿದು, ಕೊನೆಗೆ ಮೊದಲ ಸಾಲಿನಲ್ಲಿ ಆ ಹೆಂಗಸರ ನಡುವೆ ಸಿಕ್ಕಿಕೊಂಡ. ಒಂದು ಮಗು ಅವನ ತೊಡೆಯ ಮೇಲೆ ನಿದ್ದೆಹೋಯಿತು. ಅವನು ಉಸಿರು ಬಿಗಿಹಿಡಿದು ಕೂತ.

ಅಣ್ಣ ಬಂದರು. ನೋಡಿದರು. ನೇರ ತಂಗಿಯ ಬಳಿಗೆ ಬಂದರು.

"ಎಲ್ಲಿ ಮೆತ್ತೆಗಳು?"

"ಒಗೆದು ಹಾಕಿದ್ದೀನಿ."

"ಯಾರನ್ನ ಕೇಳಿ ತೆಗೆದೆ?"

"ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳಲಿಲ್ಲ."

"ಅಮ್ಮಂದು?"

"ಅದೂನೂ."

ಅಣ್ಣನ ಮುಖ ನಿಂತ ಗಡಿಯಾರದ ಹಾಗಾಯಿತು. ಹೋಗಿ ಹಿಂದಿನ ಬೆಂಚಿನಲ್ಲಿ ಒಬ್ಬರೇ ಕೂತರು.

ಆರಾಧನೆ ಕೆಟ್ಟದಾಗಿ ನಡೆಯಿತು, ಅಂದರೆ ಚೆನ್ನಾಗಿ ನಡೆಯಿತು. ಫ್ಯಾಕ್ಟರಿಯವರು ಕೀರ್ತನೆಯನ್ನು ಬೇರೆ ಧಾಟಿಯಲ್ಲಿ ಹಾಡಿದರು, ಹಳಬರು ಹಳೆಯ ಧಾಟಿಯಲ್ಲಿ ಗೆಲ್ಲಲು ದನಿ ಏರಿಸಿದರು. ಆ ಪೈಪೋಟಿಯಲ್ಲಿ ಫ್ಯಾನಿನ ಸದ್ದೇ ಕೇಳಿಸಲಿಲ್ಲ. ಮಕ್ಕಳು ಅತ್ತವು. ಒಬ್ಬ ಅಜ್ಜಿ ಇನ್ನೊಬ್ಬಳಿಗೆ ಸರಿದು ಕೂರಲು ಹೇಳಿ ಜಗಳವಾಯಿತು. ಎದ್ದೇಳಮ್ಮನಿಗೆ ಒಳಗೊಳಗೇ ಹಿಗ್ಗು. ರೋಗಿ ಊಟ ಚೆನ್ನಾಗಿಲ್ಲ ಎಂದು ಜಗಳ ತೆಗೆದ ದಿನ ಅವಳು ಡಿಸ್ಚಾರ್ಜಿಗೆ ಹೇಳುತ್ತಿದ್ದವಳು.

ಕೊನೆಗೆ ಅಧ್ಯಕ್ಷರು ಎದ್ದರು. ಸಭೆಯ ಸಭೆ ಶುರುವಾಯಿತು. ಕನ್ನಡಕ ಹಾಕಿ ಠರಾವು ಓದಿದರು. ಈ ಸಭೆಯನ್ನು ದೊಡ್ಡ ಸಭೆಯೊಂದಿಗೆ ಕೂಡಿಸಿ, ಈ ಕಟ್ಟಡದಲ್ಲಿ ಆರಾಧನೆ ನಿಲ್ಲಿಸತಕ್ಕದ್ದು. ಓದುವಾಗ ಅವರ ದನಿ ಎರಡು ಕಡೆ ತಡೆಯಿತು. ಮುಚ್ಚುವುದು ಅವರಿಗೂ ಸುಲಭದ್ದಲ್ಲ ಎಂದು ಎದ್ದೇಳಮ್ಮನಿಗೆ ಗೊತ್ತಿತ್ತು. ಹಾಗೆಂದು ಬಿಡುವವಳಲ್ಲ.

"ಅಧ್ಯಕ್ಷರೇ" ಎಂದು ಎದ್ದು ನಿಂತಳು. "ಬರೋರಿಲ್ಲ ಅಂದ್ರಿ. ಬಂದವರನ್ನ ಎಬ್ಬಿಸಿ ಹೊರಗೆ ಕಳಿಸಿದ್ದು ನಾನೇ. ಇವತ್ತು ಒಳಗೆ ಕರೆದಿದ್ದೂ ನಾನೇ. ಮುಚ್ಚೋದಾದ್ರೆ ಇವರ ಮುಖ ನೋಡ್ಕೊಂಡು ಮುಚ್ಚಿ. ಕೀಲಿ ನನ್ನ ಹತ್ರ ಇದೆ, ಅದನ್ನ ನಾನು ಕೊಡಲ್ಲ. ಬೀಗ ಬೇಕಾದ್ರೆ ಹೊಸದು ತಗೊಳ್ಳಿ."

"ಸುಮ್ನೆ ಕೂತ್ಕೋ."

"ಕೂತು ಕೂತೇ ಈ ಗತಿ ಬಂದಿದ್ದು."

ಅಣ್ಣ ಅವಳನ್ನು ಬಿಟ್ಟು ಸಭೆಯ ಕಡೆ ತಿರುಗಿದರು. "ಅನುಮೋದನೆ?"

ಬೆಂಚಿನಲ್ಲಿ ಕೂರುತ್ತ ಅಭ್ಯಾಸಬಲದಿಂದ ಅವರ ಮೊಣಕೈ ಪಕ್ಕಕ್ಕೆ ಸರಿಯಿತು. ಪಕ್ಕದಲ್ಲಿ ಬರೀ ಮರ.

ದೂರದ ಮೊದಲ ಸಾಲಿನಲ್ಲಿ ಹೌದಪ್ಪ ಕೂತಿದ್ದ. ಅವನ ಬಲಗೈ ಮಗುವಿನ ತಲೆಯ ಕೆಳಗಿತ್ತು, ಎಡಗೈ ಅದು ಜಾರದಂತೆ ಅಡ್ಡ ಇತ್ತು. ಎಲ್ಲರೂ ಅವನನ್ನೇ ನೋಡಿದರು. ಅವನು ಮಗುವನ್ನು ನೋಡಿದ. ಮಗುವಿನ ತಾಯಿ, ಟೋಪಿಯವಳು, ಏನಾಗುತ್ತಿದೆ ಎಂದು ಗೊತ್ತಾಗದೆ ಅವನನ್ನು ನೋಡಿ ನಕ್ಕಳು.

"ಅನುಮೋದನೆ ಯಾರು?" ಅಣ್ಣ ಮತ್ತೆ ಕೇಳಿದರು.

ಹೌದಪ್ಪ ಬಾಯಿ ತೆರೆದ. ಜನ್ಮದಲ್ಲಿ ಮೊದಲ ಸಲ ತಾನಾಗಿ ಮಾತು ಹುಡುಕಬೇಕಾಗಿ ಬಂದು ಬೆವತ.

"ಈಗ... ಮಗು ಮಲಗಿದೆ" ಎಂದ. "ಏಳಲಿ, ಆಮೇಲೆ ನೋಡೋಣ."

ಬೇರೆ ಯಾರೂ ದನಿ ಎತ್ತಲಿಲ್ಲ. ಅನುಮೋದನೆ ಇಲ್ಲದ ಠರಾವನ್ನು ಮತಕ್ಕೆ ಹಾಕುವಂತಿಲ್ಲ. ಇದ್ದಕ್ಕಿದ್ದಂತೆ ಎಲ್ಲ ಗೊತ್ತಾದ ಪಾಸ್ಟರ್, ಅಧ್ಯಕ್ಷರು ಕಾಗದ ಮಡಿಸುವುದನ್ನೂ ಕಾಯದೆ ಆಶೀರ್ವಾದ ಹೇಳಿ ಮುಗಿಸಿದರು.

ಮಧ್ಯಾಹ್ನ ಅಣ್ಣ ಅವಳ ಅಂಗಳಕ್ಕೆ ಬಂದರು. ತಂತಿಯ ಮೇಲೆ ಹೊದಿಕೆಗಳು, ಚಾಪೆಯ ಮೇಲೆ ಹತ್ತಿಯ ಗುಡ್ಡೆ.

"ಅಮ್ಮಂದು ಕೊಡು."

ಅವಳು ಮುಚ್ಚಿಡಲಿಲ್ಲ. "ಒಗೆಯುವಾಗ ಹರಿದುಹೋಯ್ತು ಅಣ್ಣ. ಅಕ್ಷರ ಮಾತ್ರ ಉಳಿದಿದೆ." ಕ್ಲಿಪ್ಪು ತೆಗೆದು ಅಂಗೈಯಗಲದ ಆ ತುಂಡು ಕೊಟ್ಟಳು. "ಬೈಯೋದಿದ್ರೆ ಬೈ. ಆದ್ರೆ ಅಮ್ಮ ಇದ್ದಿದ್ರೆ ತಾನೇ ಎದ್ದು ಆ ಫ್ಯಾಕ್ಟರಿಯವಳಿಗೆ ಜಾಗ ಕೊಡ್ತಿದ್ದಳು."

ಅಣ್ಣ ತುಂಡನ್ನು ಬೆಳಕಿಗೆ ಹಿಡಿದು, ಗಡಿಯಾರ ನೋಡುವ ಕಣ್ಣಿನಿಂದ ದಾರ ಪರೀಕ್ಷಿಸಿದರು.

"ಅಮ್ಮ? ಜಾಗ ಕೊಡೋದು? ಬಿಷಪ್ ಬಂದಾಗಲೇ ಸರಿದು ಕೂರಲಿಲ್ಲ ಅವಳು. ನಿನಗೆಲ್ಲೋ ಮರೆತಿದೆ."

ನಿಜ. ಎದ್ದೇಳಮ್ಮನಿಗೆ ನಗು ಒತ್ತಿಕೊಂಡು ಬಂತು. "ಹಾಗಾದ್ರೆ ಅಮ್ಮನ ಕೈಲೂ ಜಗಳ ಆಡ್ತಿದ್ದೆ ಬಿಡು."

"ಆಡ್ತಿದ್ದೆ. ನೀನು ಅವಳ ಹಾಗೇ." ತುಂಡನ್ನು ಅಂಗಿಯ ಜೇಬಿಗೆ ಇಟ್ಟುಕೊಂಡರು. "ಮುಂದಿನ ಸಭೆಗೆ ಮತ್ತೆ ತರ್ತೀನಿ ಠರಾವು."

"ತಾ. ಮೆತ್ತೆ ಒಗೆಯೋಕೆ ನನಗೂ ಕೈಗಳಿವೆ."

ಮುಂದಿನ ಭಾನುವಾರದ ಹೊತ್ತಿಗೆ ಮೆತ್ತೆಗಳು ಮತ್ತೆ ತಯಾರಾದವು. ಹತ್ತಿ ಬಿಡಿಸಿ ತುಂಬಿ, ಎಲ್ಲಕ್ಕೂ ಒಂದೇ ಬಣ್ಣದ ಬಟ್ಟೆ ಹೊಲಿಸಿದ್ದಳು. ಅಕ್ಷರ ಇಲ್ಲ. ಬಾಗಿಲ ಪಕ್ಕ ರಾಶಿ ಹಾಕಿದ್ದಳು. ಬಂದವರು ಒಂದೊಂದು ಎತ್ತಿಕೊಂಡು ಹೋಗಬೇಕು, ಹೋಗುವಾಗ ಅಲ್ಲೇ ಹಾಕಬೇಕು. ಕೆಲವರು ಗೊಣಗಿದರು. ಒಂದು ಮನೆಯವರು ಬರುವುದನ್ನೇ ಬಿಟ್ಟರು. ಹೋಗಲಿ, ಬಾಗಿಲು ತೆರೆದೇ ಇದೆ ಎಂದಳು.

ಅಣ್ಣ ಬಂದರು. ರಾಶಿಯನ್ನು ನೋಡಿಯೂ ನೋಡದಂತೆ ದಾಟಿ, ಅಮ್ಮ ಕೂರುತ್ತಿದ್ದ ಮೂರನೆಯ ಬೆಂಚಿನಲ್ಲಿ ಟೋಪಿಯವಳ ಪಕ್ಕ ಉಳಿದಿದ್ದ ಜಾಗದಲ್ಲಿ, ಬರೀ ಮರದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು.

"ಅಜ್ಜ ಯಾಕೆ ಮೆತ್ತೆ ತಗೊಳ್ಳಲಿಲ್ಲ?" ಟೋಪಿಯವಳು ಹಿಂದೆ ತಿರುಗಿ ಪಿಸುಗುಟ್ಟಿದಳು.

"ಸಿಟ್ಟು. ಇರಲಿ ಬಿಡು, ಸಿಟ್ಟು ಬಂದ್ರೆ ರಕ್ತ ಓಡಾಡುತ್ತೆ" ಎಂದಳು ಎದ್ದೇಳಮ್ಮ, ಗಟ್ಟಿಯಾಗಿಯೇ.

ಪಾಸ್ಟರ್ ಕೀರ್ತನೆಯ ಸಂಖ್ಯೆ ಹೇಳಿ, ಎಲ್ಲರೂ ಎದ್ದು ನಿಲ್ಲೋಣ ಎಂದರು. ಬೆಂಚುಗಳು ಕಿರುಗುಟ್ಟಿದವು. ಎಲ್ಲರೂ ಎದ್ದರು, ಒಬ್ಬರನ್ನು ಬಿಟ್ಟು. ಅಧ್ಯಕ್ಷರು ಕೈಕಟ್ಟಿ ಕೂತೇ ಇದ್ದರು. ಹಿಂದಿನ ಸಾಲಿನಿಂದ ತಂಗಿ ಮುಂದಕ್ಕೆ ಬಾಗಿ, ವಾರ್ಡಿನ ದನಿಯಲ್ಲಿ ಹೇಳಿದಳು:

"ಏಳಿ ಅಧ್ಯಕ್ಷರೇ. ಎದ್ದೇಳಿ."

ಅಣ್ಣ ತಿರುಗಿ ಕೆಕ್ಕರಿಸಿ ನೋಡಿದರು. ಆಮೇಲೆ ಮುಂದಿನ ಬೆಂಚು ಹಿಡಿದು, ಅವಳನ್ನು ಬೈಯುತ್ತಲೇ ಎದ್ದರು.